ಕೆಡವಿದ ಬಡಾವಣೆಯ ನಕ್ಷೆ ನೆಲದ ಮೇಲಿದೆ

ಕೇಪ್‌ಟೌನ್‌ನ ಬೇಟನ್‌ಕಾಂಟ್ ರಸ್ತೆಯಲ್ಲಿ ಒಂದು ಹಳೆಯ ಮೆಥಡಿಸ್ಟ್ ಚರ್ಚ್ ಇದೆ. ಈಗ ಅದು ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ. ಒಳಗೆ ಕಾಲಿಟ್ಟ ಕೂಡಲೇ ಕಣ್ಣು ನೆಲಕ್ಕೆ ಹೋಗುತ್ತದೆ. ನೆಲದ ತುಂಬ ಒಂದು ದೊಡ್ಡ ನಕ್ಷೆ ಹಾಸಿದೆ. ಬೀದಿ, ಅಡ್ಡರಸ್ತೆ, ಗಲ್ಲಿ ಎಲ್ಲವೂ ಅದರಲ್ಲಿವೆ. ಬೀದಿಗಳ ಪಕ್ಕದಲ್ಲಿ ಬೇರೆ ಬೇರೆ ಕೈಬರಹ. ಯಾರ ಮನೆ ಎಲ್ಲಿತ್ತು, ಅಂಗಡಿ ಎಲ್ಲಿತ್ತು, ಸಿನಿಮಾ ಥಿಯೇಟರ್ ಎಲ್ಲಿತ್ತು ಅಂತ ಅಲ್ಲಿ ಬಾಳಿ ಬದುಕಿದವರೇ ಬಂದು ಬರೆದಿದ್ದಾರೆ. ನಕ್ಷೆಯ ಪಕ್ಕದಲ್ಲಿ ಹಳೆಯ ಬೀದಿ ಫಲಕಗಳನ್ನು ಮೇಲಿಂದ ಕೆಳಗೆ ತೂಗುಹಾಕಿದ್ದಾರೆ.

ಆ ನಕ್ಷೆಯ ಬಹುಪಾಲು ಬೀದಿಗಳು ಈಗ ಇಲ್ಲ. ಮ್ಯೂಸಿಯಂನಿಂದ ಸ್ವಲ್ಪ ದೂರ ನಡೆದರೆ ಟೇಬಲ್ ಮೌಂಟನ್ ಬೆಟ್ಟದ ಬುಡದಲ್ಲಿ, ಬಂದರಿಗೂ ಪೇಟೆಗೂ ಹತ್ತಿರದಲ್ಲೇ, ಹುಲ್ಲು ಬೆಳೆದ ಬಯಲು ಕಾಣುತ್ತದೆ. ನಗರದ ಅಷ್ಟು ದುಬಾರಿ ಜಾಗ ಯಾಕೆ ಹಾಗೇ ಬಿದ್ದಿದೆ ಅಂತ ಹೊಸಬರಿಗೆ ಆಶ್ಚರ್ಯ ಆಗುತ್ತದೆ. ಆ ಬಯಲಿಗೂ ಈ ನೆಲದ ನಕ್ಷೆಗೂ ಇರುವ ನಂಟನ್ನು ಬಿಡಿಸಿ ಹೇಳುವುದು ಈ ಲೇಖನದ ಕೆಲಸ.

ಜನರನ್ನು ಬಣ್ಣ ನೋಡಿ ಬೇರೆ ಬೇರೆ ಕಡೆ ಇಟ್ಟ ತಮ್ಮ ಊರಿನ ಚರಿತ್ರೆಯನ್ನು ಹೇಳುವ ಸ್ಥಳೀಯ ಮ್ಯೂಸಿಯಂಗಳು ದಕ್ಷಿಣ ಆಫ್ರಿಕಾದಲ್ಲೂ ಅಮೆರಿಕದಲ್ಲೂ ಇವೆ. ಇವುಗಳಿಂದ ಏನು ಪ್ರಯೋಜನ ಅಂತ ಕೇಳುವವರೂ ಇದ್ದಾರೆ. ಹಳೆಯ ಗಾಯ ಕೆರೆಯುವುದು ಯಾಕೆ ಅನ್ನುವುದು ಅವರ ವಾದ. ನನಗೆ ತಿಳಿದ ಮಟ್ಟಿಗೆ ಈ ಪ್ರಶ್ನೆಗೆ ಡಿಸ್ಟ್ರಿಕ್ಟ್ ಸಿಕ್ಸ್‌ನಷ್ಟು ಗಟ್ಟಿಯಾದ ಉತ್ತರ ಕೊಡುವ ಜಾಗ ಇನ್ನೊಂದಿಲ್ಲ. ಅಲ್ಲಿ ನೆನಪು ದಾಖಲೆಯ ಕೆಲಸ ಮಾಡುತ್ತಿದೆ. ಮನೆ ಮನೆಯ ಲೆಕ್ಕ ಇಟ್ಟಿದೆ.

ಮೊದಲು ಊರಿನ ಕಥೆ. 1867ರಲ್ಲಿ ಕೇಪ್‌ಟೌನ್ ಆಡಳಿತ ನಗರವನ್ನು ವಿಭಾಗ ಮಾಡಿದಾಗ ಆರನೆಯದಕ್ಕೆ ಸಿಕ್ಕ ಹೆಸರೇ ಡಿಸ್ಟ್ರಿಕ್ಟ್ ಸಿಕ್ಸ್. ಗುಲಾಮಗಿರಿಯಿಂದ ಬಿಡುಗಡೆಯಾದವರು, ಕುಶಲಕರ್ಮಿಗಳು, ಹಡಗಿನ ಕೂಲಿಗಳು, ವ್ಯಾಪಾರಿಗಳು, ಬೇರೆ ದೇಶಗಳಿಂದ ಬಂದವರು ಎಲ್ಲರೂ ಅಲ್ಲಿ ನೆಲೆ ನಿಂತರು. ಕೇಪ್‌ನ ಮುಸ್ಲಿಮರು, ಕರಿಯರು, ಯಹೂದಿಗಳು, ಭಾರತೀಯರು, ಬಡ ಬಿಳಿಯರು ಒಂದೇ ಬೀದಿಯಲ್ಲಿ ಮನೆ ಮಾಡಿದ್ದರು. ಆಫ್ರಿಕಾನ್ಸ್, ಇಂಗ್ಲಿಷ್, ಖೋಸಾ, ಯಿಡ್ಡಿಷ್ ಎಲ್ಲವೂ ಕಿವಿಗೆ ಬೀಳುತ್ತಿದ್ದವು. ಹ್ಯಾನೋವರ್ ಸ್ಟ್ರೀಟ್ ಅಲ್ಲಿನ ಮುಖ್ಯ ಬೀದಿ. ಮೀನು ಮಾರುಕಟ್ಟೆ, ದರ್ಜಿ ಅಂಗಡಿ, ಕ್ಷೌರದಂಗಡಿ ಎಲ್ಲ ಅಲ್ಲೇ. ಸಿನಿಮಾ ಥಿಯೇಟರಿಗೆ ಅಲ್ಲಿನವರು ಬಯೋಸ್ಕೋಪ್ ಅನ್ನುತ್ತಿದ್ದರು. ನಮ್ಮ ಅಜ್ಜ-ಅಜ್ಜಿಯರೂ ಅದೇ ಮಾತು ಹೇಳುತ್ತಿದ್ದರು, ಅಲ್ವಾ?

ಈ ನೆಲದಿಂದ ರಾಜಕೀಯವೂ ಹುಟ್ಟಿತು. ಸಿಸ್ಸಿ ಗೂಲ್ ಎಂಬ ಹೆಣ್ಣುಮಗಳು 1938ರಲ್ಲಿ ಈ ಭಾಗದಿಂದ ಗೆದ್ದು ಕೇಪ್‌ಟೌನ್ ನಗರಸಭೆಗೆ ಹೋದರು. ಅವರ ತಂದೆ ಅಬ್ದುಲ್ಲಾ ಅಬ್ದುರ್ರಹಮಾನ್ ಅದಕ್ಕೂ ಮುಂಚೆ, 1904ರಲ್ಲೇ, ನಗರಸಭೆ ಸದಸ್ಯರಾಗಿದ್ದರು.

1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. ಅಪಾರ್ತೈಡ್, ಅಂದರೆ ಜನರನ್ನು ಬಣ್ಣದ ಪ್ರಕಾರ ಬೇರೆ ಇಡುವುದು, ದೇಶದ ನೀತಿ ಆಯಿತು. ಇದು ಹೇಗೆ ನಡೆಯಿತು ಅಂತ ತಿಳಿಯಬೇಕಾದರೆ 1950ರ ಎರಡು ಕಾನೂನುಗಳನ್ನು ಜೊತೆಗಿಟ್ಟು ನೋಡಬೇಕು. ಪಾಪ್ಯುಲೇಷನ್ ರಿಜಿಸ್ಟ್ರೇಷನ್ ಆಕ್ಟ್ ಪ್ರತಿಯೊಬ್ಬರಿಗೂ ಒಂದು ಜನಾಂಗದ ಹಣೆಪಟ್ಟಿ ಅಂಟಿಸಿತು. ಬಿಳಿಯರು, ಕರಿಯರು, 'ಕಲರ್ಡ್' (ಅಂದರೆ ಹೆಚ್ಚಾಗಿ ಮಿಶ್ರ ಮೂಲದವರು) ಅಂತ ವಿಂಗಡಿಸಿತು. ಭಾರತೀಯರನ್ನೂ ಬೇರೆ ಗುಂಪು ಮಾಡಿದರು. ಗ್ರೂಪ್ ಏರಿಯಾಸ್ ಆಕ್ಟ್ ಯಾವ ಹಣೆಪಟ್ಟಿಯವರು ಯಾವ ಬಡಾವಣೆಯಲ್ಲಿ ಇರಬೇಕು ಅಂತ ತೀರ್ಮಾನಿಸಿತು. ಮೊದಲನೆಯದು ಮನುಷ್ಯರನ್ನು ವಿಂಗಡಿಸಿತು, ಎರಡನೆಯದು ನೆಲವನ್ನು. ಆಮೇಲೆ ಉಳಿದದ್ದು ಒಬ್ಬ ಅಧಿಕಾರಿಯ ಸಹಿ ಮತ್ತು ಒಂದು ಗೆಜೆಟ್ ಪ್ರಕಟಣೆ ಮಾತ್ರ.

1966ರ ಫೆಬ್ರವರಿ 11ರಂದು ಆ ಪ್ರಕಟಣೆ ಬಂತು. ಡಿಸ್ಟ್ರಿಕ್ಟ್ ಸಿಕ್ಸ್ ಇನ್ನು ಮುಂದೆ ಬಿಳಿಯರಿಗೆ ಮಾತ್ರ. ಸರ್ಕಾರ ಕಾರಣಗಳನ್ನೂ ಕೊಟ್ಟಿತ್ತು. ಅದು ಕೊಳೆಗೇರಿ, ಅಲ್ಲಿ ಕುಡಿತ, ಜೂಜು, ಅಪರಾಧ ಜಾಸ್ತಿ, ಬೇರೆ ಬೇರೆ ಜನಾಂಗದವರು ಒಟ್ಟಿಗಿದ್ದರೆ ಜಗಳ ತಪ್ಪದು ಅಂತೆಲ್ಲ. ಮನೆಗಳು ಹಾಳಾಗಿದ್ದದ್ದು ನಿಜ. ಆದರೆ ಅವನ್ನು ಹಾಳುಬಿಟ್ಟವರು ಯಾರು? ಅಲ್ಲಿದ್ದವರಲ್ಲಿ ಹೆಚ್ಚಿನವರು ಬಾಡಿಗೆದಾರರು. ಪ್ರಕಟಣೆ ಹೊರಡುವ ಹೊತ್ತಿಗೆ ಅಲ್ಲಿನ ಆಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಳಿಯ ಮಾಲೀಕರ ಕೈಯಲ್ಲಿತ್ತು. ಬಾಡಿಗೆ ತಪ್ಪದೆ ಬರುತ್ತಿತ್ತು, ರಿಪೇರಿ ಮಾತ್ರ ಆಗುತ್ತಿರಲಿಲ್ಲ. ಜಾಗವೋ ಬೆಟ್ಟದ ಬುಡದಲ್ಲಿ, ಬಂದರಿನ ಮಗ್ಗುಲಲ್ಲಿ ಇತ್ತು. ಅಂಥ ಜಾಗದ ಮೇಲೆ ಯಾರಿಗೆ ಕಣ್ಣಿರಲ್ಲ ಹೇಳಿ.

1968ರಿಂದ ಮನೆ ಖಾಲಿ ಮಾಡಿಸುವ ಕೆಲಸ ಶುರುವಾಯಿತು. 1982ರ ಹೊತ್ತಿಗೆ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿದ್ದರು. ಅವರನ್ನು ಕೇಪ್ ಫ್ಲ್ಯಾಟ್ಸ್ ಎಂಬ ಮರಳು ನೆಲಕ್ಕೆ ಸಾಗಿಸಿದರು. ಕೆಲವರ ಹೊಸ ಮನೆ ನಗರದಿಂದ 25 ಕಿಲೋಮೀಟರ್ ದೂರ. ಮೊದಲು ಕೆಲಸಕ್ಕೆ ನಡೆದು ಹೋಗುತ್ತಿದ್ದವರು ಈಗ ಬೆಳಗಾಗುವ ಮುಂಚೆ ಬಸ್ಸು, ರೈಲು ಹಿಡಿಯಬೇಕಾಯಿತು. ಮನೆ ಹಂಚಿದ್ದೂ ಹಣೆಪಟ್ಟಿ ನೋಡಿಯೇ. 'ಕಲರ್ಡ್' ಅನ್ನಿಸಿಕೊಂಡವರು ಹ್ಯಾನೋವರ್ ಪಾರ್ಕ್, ಮ್ಯಾನೆನ್‌ಬರ್ಗ್, ಬಾಂಟೆಹ್ಯೂವೆಲ್ ಕಡೆಗೆ. ಭಾರತೀಯರು ರೈಲ್ಯಾಂಡ್ಸ್ ಕಡೆಗೆ. ಹೀಗೆ ನೆರೆಹೊರೆ ಒಡೆಯಿತು, ಎಷ್ಟೋ ಕಡೆ ಒಂದೇ ಕುಟುಂಬದ ನೆಂಟರು ಬೇರೆ ಬೇರೆ ದಿಕ್ಕಿಗೆ ಚೆದುರಿದರು. ಬುಲ್ಡೋಜರ್‌ಗಳು ಮನೆಗಳನ್ನು ನೆಲಸಮ ಮಾಡಿದವು. ಚರ್ಚು, ಮಸೀದಿಗಳನ್ನು ಹಾಗೇ ಬಿಟ್ಟರು. ಊರಿಲ್ಲದ ಬಯಲಿನಲ್ಲಿ ದೇವರ ಮನೆಗಳು ಒಂಟಿಯಾಗಿ ನಿಂತವು. ಎಬ್ಬಿಸಿದ ಮೇಲೂ ಎಷ್ಟೋ ಜನ ಪ್ರಾರ್ಥನೆಗೆ ಅಷ್ಟು ದೂರದಿಂದ ಅಲ್ಲಿಗೇ ಬರುತ್ತಿದ್ದರು.

ಈ ಮ್ಯೂಸಿಯಂ ಕಟ್ಟಿದವರಲ್ಲಿ ಒಬ್ಬರಾದ ನೂರ್ ಇಬ್ರಾಹಿಂ ಒಂದು ಘಟನೆ ಹೇಳುತ್ತಿದ್ದರು. ಅವರು ಪಾರಿವಾಳ ಸಾಕಿದ್ದರು. ಎಷ್ಟು ದೂರ ಬಿಟ್ಟರೂ ಗೂಡಿಗೆ ಮರಳುವ ಜಾತಿಯವು. ಹೊಸ ಮನೆಗೆ ಹೋದ ಮೇಲೆ ಕೆಲವು ತಿಂಗಳು ಅವನ್ನು ಗೂಡಲ್ಲೇ ಇಟ್ಟು, ಜಾಗ ರೂಢಿಯಾಯಿತು ಅನ್ನಿಸಿದಾಗ ಹೊರಗೆ ಬಿಟ್ಟರು. ಸಂಜೆ ಒಂದೂ ವಾಪಸ್ ಬರಲಿಲ್ಲ. ಮರುದಿನ ಕೆಲಸಕ್ಕೆ ಹೋಗುವಾಗ ಹಳೆಯ ಬಡಾವಣೆಯ ದಾರಿ ಹಿಡಿದರು. ತಮ್ಮ ಮನೆ ಇದ್ದ ಖಾಲಿ ಜಾಗದಲ್ಲಿ ಪಾರಿವಾಳಗಳೆಲ್ಲ ಕೂತಿದ್ದವು. ಈ ಘಟನೆಗೆ ವ್ಯಾಖ್ಯಾನ ಬೇಕಿಲ್ಲ. ಮನೆ ಅಂದರೆ ಗೋಡೆ ಮಾತ್ರ ಅಂತ ತಿಳಿದ ಅಧಿಕಾರಿಗಳು ಲೆಕ್ಕ ಹಾಕದೆ ಬಿಟ್ಟದ್ದು ಏನು ಅಂತ ಅದರಲ್ಲೇ ಗೊತ್ತಾಗುತ್ತದೆ.

ವಿಚಿತ್ರ ಅಂದರೆ ಬಿಳಿಯರ ಬಡಾವಣೆ ಕೊನೆಗೂ ಎದ್ದು ನಿಲ್ಲಲಿಲ್ಲ. ಜಾಗಕ್ಕೆ ಸೊನ್ನೆಬ್ಲೂಮ್ ಅಂತ ಬೇರೆ ಹೆಸರಿಟ್ಟರು. ಒಂದು ತಾಂತ್ರಿಕ ಕಾಲೇಜು ದೊಡ್ಡ ಪಾಲು ತೆಗೆದುಕೊಂಡಿತು. ಉಳಿದ ಕಡೆ ಕಟ್ಟಲು ಬಂದವರಿಗೆ ವಿರೋಧ ಎದುರಾಯಿತು. 1980ರ ದಶಕದ ಕೊನೆಗೆ 'ಡಿಸ್ಟ್ರಿಕ್ಟ್ ಸಿಕ್ಸ್ ಮುಟ್ಟಬೇಡಿ' ಅನ್ನುವ ಚಳವಳಿ ಎದ್ದಿತು. ಇಲ್ಲಿದ್ದವರಿಗೆ ನ್ಯಾಯ ಸಿಗುವ ತನಕ ಯಾರೂ ಇಲ್ಲಿ ಇಟ್ಟಿಗೆ ಇಡಬಾರದು ಅನ್ನುವುದು ಅವರ ಪಟ್ಟು. ಮ್ಯೂಸಿಯಂ ಮಾಡುವ ಯೋಚನೆ ಬಂದದ್ದು ಈ ಚಳವಳಿಯಿಂದ. 1989ರಲ್ಲಿ ಅದಕ್ಕಾಗಿ ಒಂದು ಪ್ರತಿಷ್ಠಾನ ಆಯಿತು. ದೇಶದಲ್ಲಿ ಎಲ್ಲರೂ ಮತ ಹಾಕಿದ ಮೊದಲ ಚುನಾವಣೆ ನಡೆದ ವರ್ಷವೇ, 1994ರ ಡಿಸೆಂಬರ್ 10ರಂದು, ಮ್ಯೂಸಿಯಂ ಬಾಗಿಲು ತೆರೆಯಿತು. ಈ ಚರ್ಚ್ ಸುಮ್ನೆ ಸಿಕ್ಕ ಕಟ್ಟಡವೂ ಅಲ್ಲ. ಅಪಾರ್ತೈಡ್ ಜೋರಾಗಿದ್ದ ಕಾಲದಲ್ಲೇ ಅದರ ಹೊರಗೋಡೆಗೆ ಒಂದು ಫಲಕ ಹಾಕಿದ್ದರು. ಚರ್ಮದ ಬಣ್ಣದ ಕಾರಣಕ್ಕೆ ಮನೆ ಬಿಡಬೇಕಾದ ಸಾವಿರಾರು ಜನರನ್ನು ನಾಚಿಕೆಯಿಂದ ನೆನೆಯಿರಿ ಅಂತ ದಾರಿಹೋಕರಿಗೆ ಅದು ಹೇಳುತ್ತಿತ್ತು.

ಮೊದಲ ಪ್ರದರ್ಶನಕ್ಕೆ ಇಟ್ಟುಕೊಂಡಿದ್ದ ಗಡುವು ಎರಡು ವಾರ. ವಿಷಯ ಬೀದಿಗಳು. ಅದಕ್ಕಾಗಿಯೇ ನೆಲದ ನಕ್ಷೆ ಬರೆಸಿದರು. ಜನ ಬರತೊಡಗಿದರು. ಕೇಪ್ ಫ್ಲ್ಯಾಟ್ಸ್‌ನಿಂದ ಮಕ್ಕಳು, ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ಹೆಸರು ಬರೆದರು. ಬಂದವರು ಬರೆಯಲಿ ಅಂತ ಉದ್ದನೆಯ ಬಿಳಿ ಬಟ್ಟೆ ಇಟ್ಟಿದ್ದರು. ಅದೂ ತುಂಬಿತು. ಆ ಬರಹಗಳ ಮೇಲೆ ನೂಲಿನಿಂದ ಕಸೂತಿ ಹಾಕಿದರು, ಅಳಿಸಿಹೋಗದಿರಲಿ ಅಂತ. ಎರಡು ವಾರ ಕಳೆದ ಮೇಲೆ ಪ್ರದರ್ಶನ ಎತ್ತುವ ಮಾತೇ ಬರಲಿಲ್ಲ.

ಬೀದಿ ಫಲಕಗಳ ಕಥೆ ಇನ್ನೂ ಬೇರೆ. ಕೆಡವುವ ಕೆಲಸದ ಮೇಲ್ವಿಚಾರಣೆಗೆ ಒಬ್ಬ ಬಿಳಿಯ ಮೇಸ್ತ್ರಿ ಇದ್ದ. ಕೆಡವಿದ ಮಣ್ಣು, ಕಲ್ಲಿನ ಜೊತೆ ಫಲಕಗಳನ್ನೂ ಸಮುದ್ರಕ್ಕೆ ಸುರಿಯಬೇಕಿತ್ತು. ಆತ ಹಾಗೆ ಮಾಡಲಿಲ್ಲ. ವರ್ಷಗಟ್ಟಲೆ ಗುಟ್ಟಾಗಿ ಇಟ್ಟುಕೊಂಡಿದ್ದ. ಕೊನೆಗೆ ಮ್ಯೂಸಿಯಂಗೆ ಕೊಟ್ಟ. ನನಗೆ ಈ ಮೇಸ್ತ್ರಿಯ ವಿಷಯ ಮತ್ತೆ ಮತ್ತೆ ಕಾಡುತ್ತದೆ. ಊರು ಕೆಡವಿದ ಕೈಯೇ ಊರಿನ ಹೆಸರುಗಳನ್ನು ಕಾಪಾಡಿತು. ಆತನನ್ನು ಹೊಗಳಬೇಕೋ ಬೇಡವೋ ಅಂತ ಮ್ಯೂಸಿಯಂ ನಮಗೆ ಹೇಳಿಕೊಡುವುದಿಲ್ಲ. ಹಾಗೆ ಬಿಟ್ಟದ್ದೇ ಸರಿ ಅನ್ನಿಸುತ್ತದೆ.

ಈಗ ದಾಖಲೆಯ ವಿಷಯಕ್ಕೆ ಬರೋಣ. ಹೊಸ ಸರ್ಕಾರ 1994ರಲ್ಲೇ ಭೂಮಿ ಹಕ್ಕು ಮರಳಿಸುವ ಕಾನೂನು ತಂದಿತು. ಬಣ್ಣದ ಕಾನೂನುಗಳಿಂದ ನೆಲ ಕಳೆದುಕೊಂಡವರು 1998ರ ಕೊನೆಯೊಳಗೆ ಅರ್ಜಿ ಹಾಕಬೇಕಿತ್ತು. ಈ ಕಾನೂನಿನಲ್ಲಿ ಒಂದು ಒಳ್ಳೆಯ ಅಂಶ ಇದೆ. ಅದು ಮಾಲೀಕರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕನಿಷ್ಠ 10 ವರ್ಷ ಬಿಡದೆ ಒಂದು ಜಾಗದಲ್ಲಿ ನೆಲೆಸಿ ಅನುಭವಿಸಿದ್ದರೂ ಅದನ್ನು ಹಕ್ಕು ಅಂತ ಒಪ್ಪಿತು. ಡಿಸ್ಟ್ರಿಕ್ಟ್ ಸಿಕ್ಸ್‌ನ ಬಾಡಿಗೆದಾರರಿಗೆ ಬಾಗಿಲು ತೆರೆದದ್ದು ಹೀಗೆ.

ಆದರೆ ಬಾಡಿಗೆದಾರರ ಹತ್ತಿರ ಏನು ಕಾಗದ ಇರುತ್ತದೆ? ಕ್ರಯಪತ್ರ ಇರಲ್ಲ, ಖಾತೆ ಇರಲ್ಲ. ಹಳೆಯ ಬಾಡಿಗೆ ರಸೀದಿ ಇದ್ದರೆ ಇದ್ದೀತು. ಒಂದು ಮದುವೆ ಫೋಟೋ, ಹಿಂದೆ ಮನೆಯ ಬಾಗಿಲು. ಎದುರುಮನೆಯವರ ಮಾತು. ನಾವು ಇಂಥ ಬೀದಿಯ ಮೂಲೆಮನೆಯಲ್ಲಿದ್ದೆವು, ಪಕ್ಕದಲ್ಲಿ ಇಂಥವರಿದ್ದರು ಅನ್ನುವ ನೆನಪು. ಮನೆಯೂ ಇಲ್ಲ, ಬೀದಿಯೂ ಇಲ್ಲ ಅಂದಮೇಲೆ ಇಂಥ ಚೂರುಗಳನ್ನು ಜೋಡಿಸಿಯೇ ಹಕ್ಕು ಹೇಳಬೇಕು. ಮ್ಯೂಸಿಯಂ ಮೊದಲ ದಿನದಿಂದ ಕೂಡಿಸುತ್ತಾ ಬಂದದ್ದು ಇದನ್ನೇ. ಫೋಟೋ, ಧ್ವನಿ ಮುದ್ರಣ, ನಕ್ಷೆಯ ಮೇಲಿನ ಹೆಸರು. 1997ರಲ್ಲಿ ಭೂ ಹಕ್ಕಿನ ನ್ಯಾಯಾಲಯ ಡಿಸ್ಟ್ರಿಕ್ಟ್ ಸಿಕ್ಸ್ ವಿಚಾರಣೆಯನ್ನು ಈ ಮ್ಯೂಸಿಯಂ ಒಳಗೇ ನಡೆಸಿತು. ನ್ಯಾಯಾಧೀಶರು ಕೂತದ್ದು ಹೆಸರು ಬರೆದ ಆ ನಕ್ಷೆಯ ಸಮ್ಮುಖದಲ್ಲಿ.

ಇಷ್ಟಾದರೂ ನ್ಯಾಯ ಬೇಗ ಬರಲಿಲ್ಲ. ಸುಮಾರು 2,700 ಅರ್ಜಿಗಳು ಬಂದವು. ಅವುಗಳಲ್ಲಿ ಅರ್ಧದಷ್ಟು ಜನ ಮನೆಗೆ ಕಾಯದೆ ಹಣ ಪಡೆದರು. 2004ರ ಫೆಬ್ರವರಿ 11ರಂದು ನೆಲ್ಸನ್ ಮಂಡೇಲಾ ಮೊದಲ ಇಬ್ಬರಿಗೆ ಹೊಸ ಮನೆಯ ಕೀಲಿಕೈ ಕೊಟ್ಟರು. ಇಬ್ಬರಿಗೂ 80 ದಾಟಿತ್ತು. ಆಮೇಲೆ ಕೆಲಸ ಆಮೆ ನಡಿಗೆ. 2019ರ ಹೊತ್ತಿಗೆ ಕಟ್ಟಿದ ಮನೆಗಳು 139. ಕಾದು ಸಾಕಾದವರು 2018ರಲ್ಲಿ ಕೋರ್ಟ್ ಮೆಟ್ಟಿಲೇರಿದರು. ಉಳಿದವರಿಗೆ ಮನೆ ಯಾವಾಗ, ಹೇಗೆ ಕೊಡುತ್ತೀರಿ ಅಂತ ಯೋಜನೆ ತೋರಿಸಿ ಎಂದು ಕೋರ್ಟ್ ಸರ್ಕಾರಕ್ಕೆ ಹೇಳಿತು. ಅದರಲ್ಲೂ ಎಡವಿದ್ದಕ್ಕೆ ಆಗಿನ ಸಚಿವೆ ದಾವೆಯ ಖರ್ಚಿನ ಒಂದು ಪಾಲನ್ನು ಸ್ವಂತ ಜೇಬಿನಿಂದ ಕೊಡಬೇಕು ಅಂತಲೂ ಆದೇಶ ಬಂತು. ಕಾನೂನು ಒಳ್ಳೆಯದಿತ್ತು, ಜಾಗ ಖಾಲಿ ಇತ್ತು, ಹಕ್ಕುದಾರರು ಕಣ್ಣೆದುರೇ ಇದ್ದರು. ಆದರೂ ಹೀಗಾಯಿತು. ಅರ್ಜಿ ಹಾಕಿದ ಎಷ್ಟೋ ಹಿರಿಯರು ಮನೆ ನೋಡದೆ ಕಣ್ಣು ಮುಚ್ಚಿದರು. ಇದಕ್ಕೆ ನನಗೆ ಸಮಾಧಾನ ಸಿಗುವುದಿಲ್ಲ. ಹಳೆಯ ಸರ್ಕಾರದ ತಪ್ಪು ಅಂತ ಒಂದನ್ನೇ ಹೇಳಿ ಮುಗಿಸುವಂತಿಲ್ಲ.

ಕಾನೂನಿಗೆ ಇನ್ನೊಂದು ಮಿತಿ ಇದೆ. ಅದನ್ನು ತಿಳಿದರೆ ಮ್ಯೂಸಿಯಂ ಯಾಕೆ ಬೇಕು ಅನ್ನುವುದು ಇನ್ನೂ ಸ್ಪಷ್ಟವಾಗುತ್ತದೆ. 1913ರ ಜೂನ್ 19ರ ನಂತರ ನೆಲ ಕಳೆದುಕೊಂಡವರಿಗೆ ಮಾತ್ರ ಅದು ಅನ್ವಯ. ಆ ದಿನ ದೇಶದ ಬಹುಪಾಲು ಭೂಮಿಯಲ್ಲಿ ಕರಿಯರಿಗೆ ಹಕ್ಕಿಲ್ಲ ಅನ್ನುವ ಕಾನೂನು ಜಾರಿಗೆ ಬಂದಿತ್ತು. ಹಾಗಾದರೆ ಅದಕ್ಕೂ ಮುಂಚೆ ಎಬ್ಬಿಸಿದವರು?

ಅಂಥವರು ಇದೇ ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿದ್ದರು. 1901ರಲ್ಲಿ ಕೇಪ್‌ಟೌನ್‌ಗೆ ಪ್ಲೇಗ್ ಬಂತು. ರೋಗ ಹರಡುತ್ತಿರುವುದು ಕರಿಯರಿಂದ ಅಂತ ಅಧಿಕಾರಿಗಳು ತೀರ್ಮಾನಿಸಿದರು. ಸಾವಿರಾರು ಕರಿಯರನ್ನು ಕಾವಲಿನಲ್ಲಿ ಊರ ಹೊರಗಿನ ಶಿಬಿರಕ್ಕೆ ಸಾಗಿಸಿದರು. ಮುಂದೆ ಎನ್‌ಡಾಬೆನಿ ಅಂತ ಹೆಸರಾದ ಜಾಗ ಅದು. ರೋಗ ಹೋಯಿತು, ಅವರನ್ನು ವಾಪಸ್ ಬಿಡಲಿಲ್ಲ. ಕೇಪ್‌ಟೌನ್‌ನಲ್ಲಿ ಕರಿಯರಿಗೆ ಬೇರೆಯೇ ಬಡಾವಣೆ ಅನ್ನುವ ಪದ್ಧತಿಗೆ ಇದು ಅಡಿಪಾಯ. ಅಪಾರ್ತೈಡ್ ಅನ್ನುವ ಪದ ರಾಜಕೀಯಕ್ಕೆ ಬರುವ ಎಷ್ಟೋ ವರ್ಷ ಮುಂಚೆ, ಬ್ರಿಟಿಷರ ಆಡಳಿತದಲ್ಲಿ, ಆರೋಗ್ಯದ ಹೆಸರಿನಲ್ಲಿ ಇದು ನಡೆಯಿತು.

ಬೆಂಗಳೂರಿನವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಅದೇ ಕಾಲದ ಅದೇ ಮಹಾಮಾರಿ ಮೂರು ವರ್ಷ ಮೊದಲು, 1898ರಲ್ಲಿ, ಬೆಂಗಳೂರಿಗೂ ಬಂದಿತ್ತು. ಏಷ್ಯಾದ ಬಂದರುಗಳಿಂದ ಹಡಗುಗಳಲ್ಲಿ ಹರಡಿದ ರೋಗ ಅದು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದರಲ್ಲಿ ಪ್ಲೇಗಿನ ಪಾಲು ಇದೆ ಅಂತ ನಮಗೆ ಗೊತ್ತು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. ಒಂದೇ ರೋಗ ಒಂದು ಊರಿನಲ್ಲಿ ಹೊಸ ಬಡಾವಣೆಗೆ, ಇನ್ನೊಂದು ಊರಿನಲ್ಲಿ ಬಣ್ಣದ ಬೇಲಿಗೆ ನೆಪವಾಯಿತು. ನಮ್ಮ ಕಡೆ ಬೇಲಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಊರು ಬೇರೆ, ಕೇರಿ ಬೇರೆ ಅನ್ನುವ ಮಾತು ನಮ್ಮ ಭಾಷೆಯಲ್ಲಿ ಪ್ಲೇಗಿಗಿಂತ ಬಹಳ ಹಳೆಯದು. ಆದರೆ ಅದು ಜಾತಿಯ ಕಥೆ, ಅದರ ಕಾರಣಗಳೇ ಬೇರೆ. ಎರಡನ್ನೂ ಒಂದೇ ಅಂತ ಬೆರೆಸಿದರೆ ಎರಡೂ ಅರ್ಥವಾಗುವುದಿಲ್ಲ.

1901ರಲ್ಲಿ ಹೋದವರಿಗೆ ಕೋರ್ಟಿನಲ್ಲಿ ಜಾಗ ಇಲ್ಲ. ಮ್ಯೂಸಿಯಂನಲ್ಲಿ ಇದೆ. ಹಾರ್ಸ್ಟ್ಲಿ ಸ್ಟ್ರೀಟ್ ಅನ್ನುವ ಬೀದಿಯಿಂದ ಆ ವರ್ಷ ಅನೇಕರನ್ನು ಎಬ್ಬಿಸಿದ್ದರು. ಅಲ್ಲಿ ಪುರಾತತ್ವದವರು ಅಗೆದರು. ಕಲ್ಲು ಹಾಸಿದ ಬೀದಿಯ ಗುರುತು, ಮನೆಗಳ ಅಡಿಪಾಯ ಹೊರಬಂದವು. ಆ ಜಾಗವನ್ನು ಸ್ಮಾರಕವಾಗಿ ಉಳಿಸಿಕೊಳ್ಳಲು ಮ್ಯೂಸಿಯಂ ಕೆಲಸ ಮಾಡುತ್ತಿದೆ.

ಮ್ಯೂಸಿಯಂ ಈ ದಾರಿಗೆ ಬಂದದ್ದು ಸುಲಭವಾಗಿ ಅಲ್ಲ. ಆರಂಭದ ದಿನಗಳ ನೆನಪಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಸ್ವರ್ಗದಂತೆ ಕಾಣುತ್ತಿತ್ತು. ಎಲ್ಲ ಧರ್ಮದವರು ಹಬ್ಬಕ್ಕೆ ತಟ್ಟೆ ಹಂಚುತ್ತಿದ್ದರು, ಬಾಗಿಲಿಗೆ ಬೀಗವೇ ಹಾಕುತ್ತಿರಲಿಲ್ಲ ಅನ್ನುವ ಥರದ ನೆನಪುಗಳು. ಸುಳ್ಳು ಅಂತಲ್ಲ. ಆದರೆ ಅಲ್ಲಿ ರೌಡಿ ಗುಂಪುಗಳಿದ್ದವು, ಬಡತನ ಇತ್ತು, ಒಂದೇ ಕೋಣೆಯಲ್ಲಿ ದೊಡ್ಡ ಸಂಸಾರ ಇರುತ್ತಿತ್ತು. ಕರಿಯರನ್ನು ಮೊದಲೇ ಹೊರಗೆ ಹಾಕಿ ಆಗಿತ್ತು, ಮತ್ತೆ ಬಂದು ನೆಲೆಸಿದವರ ಮಾತು ದೊಡ್ಡ ನೆನಪಿನ ಅಂಚಿನಲ್ಲಿ ಉಳಿದಿತ್ತು. 'ಕಲರ್ಡ್' ಜನರ ನೆನಪೇ ಇಡೀ ಬಡಾವಣೆಯ ನೆನಪಾಗಿ ನಿಲ್ಲುವ ಅಪಾಯ ಇತ್ತು. 2000ದಲ್ಲಿ ಮ್ಯೂಸಿಯಂ ತನ್ನ ಪ್ರದರ್ಶನವನ್ನು ಮತ್ತೆ ಕಟ್ಟಿತು. 'ಇನ್ನೂ ಆಳಕ್ಕೆ ಅಗೆಯೋಣ' ಅನ್ನುವ ಅರ್ಥದ ಹೆಸರಿಟ್ಟಿತು. ಮನೆಯೊಳಗಿನ ಬದುಕು, ಬಡತನ, ಬಿಟ್ಟುಹೋದ ದನಿಗಳು ಒಳಗೆ ಬಂದವು. ಸ್ವಂತ ಜನರ ಸಿಹಿ ನೆನಪನ್ನೇ ಪ್ರಶ್ನೆ ಮಾಡುವುದು ಕಷ್ಟದ ಕೆಲಸ. ಅದನ್ನು ಮಾಡಿದ್ದಕ್ಕೆ ಈ ಮ್ಯೂಸಿಯಂ ಮೇಲೆ ನನಗೆ ಗೌರವ ಜಾಸ್ತಿ.

ಇದನ್ನು ಜೊಹಾನ್ಸ್‌ಬರ್ಗ್‌ನ ಅಪಾರ್ತೈಡ್ ಮ್ಯೂಸಿಯಂ ಜೊತೆ ಇಟ್ಟು ನೋಡಿ. 2001ರಲ್ಲಿ ತೆರೆದದ್ದು. ಕ್ಯಾಸಿನೊ ಪರವಾನಗಿಯ ಷರತ್ತಿನ ಭಾಗವಾಗಿ ಕಟ್ಟಿದ ದೊಡ್ಡ, ಅಚ್ಚುಕಟ್ಟಾದ ಕಟ್ಟಡ. ಟಿಕೆಟ್ ಮೇಲೆ 'ಬಿಳಿಯ' ಅಥವಾ 'ಬಿಳಿಯನಲ್ಲದ' ಅಂತ ಇರುತ್ತದೆ. ಅದರ ಪ್ರಕಾರ ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೋಗಬೇಕು. ಜೊತೆಗೆ ಬಂದ ಗಂಡ-ಹೆಂಡತಿ, ಅಪ್ಪ-ಮಗಳು ಬಾಗಿಲಲ್ಲೇ ಬೇರೆಯಾಗುತ್ತಾರೆ. ಆ ಕ್ಷಣ ಎದೆಗೆ ತಟ್ಟುತ್ತದೆ, ಅದರಲ್ಲಿ ಅನುಮಾನವಿಲ್ಲ. ಹೊರಗಿನವರಿಗೆ ಇಡೀ ದೇಶದ ಕಥೆ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. ಆದರೆ ಆ ಟಿಕೆಟ್ಟಿನ ಮೇಲೆ ಬೀದಿಯ ಹೆಸರಿಲ್ಲ. ಯಾರಿಗೆ ಏನು ವಾಪಸ್ ಕೊಡಬೇಕು ಅಂತ ಅದು ಹೇಳಲಾರದು. ಸ್ಥಳೀಯ ಮ್ಯೂಸಿಯಂ ಆ ಲೆಕ್ಕ ಹೇಳಬಲ್ಲದು. ಇಂಥ ಬೀದಿ, ಇಂಥ ಮನೆ, ಇಂಥ ತಾರೀಖು.

ಅಮೆರಿಕದಲ್ಲೂ ಇದೇ ಪಾಠ ಬೇರೆ ಕಾಗದದ ಮೇಲಿದೆ. ಅಲ್ಲಿ ಬೇರ್ಪಡಿಸುವ ಕೆಲಸ ಮಾಡಿದ್ದು ಹೆಚ್ಚಾಗಿ ಸಾಲ ಮತ್ತು ಕ್ರಯಪತ್ರ. 1930ರ ದಶಕದಲ್ಲಿ ಒಂದು ಸರ್ಕಾರಿ ಗೃಹಸಾಲ ಸಂಸ್ಥೆ 200ಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಹಸಿರು ಅಂದರೆ ಉತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ಕರಿಯರು ಇರುವ ಬಡಾವಣೆ ಹೆಚ್ಚುಕಮ್ಮಿ ಎಲ್ಲ ಕಡೆಯೂ ಕೆಂಪು. ಬಡಾವಣೆಯ ವಿವರ ತುಂಬುವ ಫಾರಂನಲ್ಲಿ ಬೇರೆ ಜನ 'ನುಗ್ಗುತ್ತಿದ್ದಾರೆಯೇ' ಅಂತ ಕೇಳುವ ಒಂದು ಸಾಲೇ ಇತ್ತು. ಮನೆ ಕೊಳ್ಳಲು ಸಾಲ ಸಿಗದ ಕಡೆ ಮನೆ ಹಾಳಾಗುತ್ತದೆ. ಹಾಳಾದದ್ದನ್ನು ಕೊಳೆಗೇರಿ ಅಂತ ಕರೆದು ಕೆಡವುತ್ತಾರೆ. ಡಿಸ್ಟ್ರಿಕ್ಟ್ ಸಿಕ್ಸ್‌ಗೆ ಕೊಟ್ಟ ಕಾರಣ ನೆನಪಾಯಿತಾ?

ಸೇಂಟ್ ಲೂಯಿಸ್ ನಗರ ಇದಕ್ಕೆ ಒಳ್ಳೆಯ ಉದಾಹರಣೆ. 1916ರಲ್ಲಿ ಅಲ್ಲಿನ ಮತದಾರರು ಮತ ಹಾಕಿಯೇ ಬಣ್ಣದ ಪ್ರಕಾರ ಬಡಾವಣೆ ಮಾಡುವ ನಿಯಮ ತಂದರು. ಮರುವರ್ಷ ದೇಶದ ಸುಪ್ರೀಂ ಕೋರ್ಟ್ ಬೇರೊಂದು ಮೊಕದ್ದಮೆಯಲ್ಲಿ ಅಂಥ ನಿಯಮ ನಡೆಯದು ಅಂದಿತು. ಆಗ ಕ್ರಯಪತ್ರದೊಳಗೆ ಷರತ್ತು ಸೇರಿಸುವುದು ಜೋರಾಯಿತು. ಈ ಮನೆಯನ್ನು ಕರಿಯರಿಗೆ ಮಾರಬಾರದು ಅಂತ. ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಅಂತ 1948ರಲ್ಲಿ ಬಂದ ತೀರ್ಪು ಇದೇ ಊರಿನ ಒಂದು ಮನೆಯಿಂದ ಹೋದ ಮೊಕದ್ದಮೆ. 1959ರಲ್ಲಿ ಮಿಲ್ ಕ್ರೀಕ್ ವ್ಯಾಲಿ ಎಂಬ ಕರಿಯರ ದೊಡ್ಡ ಬಡಾವಣೆಯನ್ನು ಕೆಡವಲು ಶುರುಮಾಡಿದರು. ಸುಮಾರು 20,000 ಜನ ಮನೆ ಕಳೆದುಕೊಂಡರು. ಊರಿನ ಮಿಸೌರಿ ಹಿಸ್ಟರಿ ಮ್ಯೂಸಿಯಂ 2017ರಲ್ಲಿ ನಗರದ ಕರಿಯರ ಹೋರಾಟದ ಮೇಲೆ ದೊಡ್ಡ ಪ್ರದರ್ಶನ ಮಾಡಿತು.

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರಿಗೂ ಇದು ದೂರದ ಮಾತಲ್ಲ. ಮಿನಿಯಾಪೊಲಿಸ್, ಸಿಯಾಟಲ್ ಥರದ ನಗರಗಳ ಹಳೆಯ ಕ್ರಯಪತ್ರಗಳನ್ನು ಬಿಚ್ಚಿದರೆ ಈ ಷರತ್ತುಗಳು ಇನ್ನೂ ಕಾಣುತ್ತವೆ. ಎಷ್ಟೋ ಪತ್ರಗಳಲ್ಲಿ ಕರಿಯರ ಜೊತೆ ಏಷ್ಯಾದವರ ಹೆಸರೂ ಇದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತ್ತು. ಈಗ ನಮ್ಮವರು ಗೃಹಪ್ರವೇಶ ಮಾಡುವ ಕೆಲವು ಬೀದಿಗಳಲ್ಲಿ ಆಗ ನಮ್ಮವರಿಗೂ ಬಾಗಿಲು ಇರಲಿಲ್ಲ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಬಣ್ಣ ನೋಡಬಾರದು ಅನ್ನುವ 1968ರ ವಸತಿ ಕಾನೂನು ಬರುವ ತನಕ ಹೋರಾಡಿದವರು ಮುಖ್ಯವಾಗಿ ಕರಿಯರು. ಅದರ ಫಲ ನಮಗೂ ಸಿಕ್ಕಿದೆ. ಅಲ್ಲಿನ ಕನ್ನಡ ಕೂಟಗಳು ಮಕ್ಕಳನ್ನು ಕರೆದುಕೊಂಡು ತಮ್ಮೂರಿನ ಇಂಥ ಒಂದು ಪ್ರದರ್ಶನ ನೋಡಿ ಬಂದರೆ ಎಷ್ಟು ಚೆನ್ನ.

ಈಗ ಅಮೆರಿಕದಲ್ಲಿ ಇಂಥ ಮ್ಯೂಸಿಯಂಗಳಿಗೆ ಕಷ್ಟದ ಕಾಲ. 2025ರ ಮಾರ್ಚ್ 14ರಂದು ಅಧ್ಯಕ್ಷರು ಹೊರಡಿಸಿದ ಆದೇಶ, ಮ್ಯೂಸಿಯಂ ಮತ್ತು ಗ್ರಂಥಾಲಯಗಳಿಗೆ ಅನುದಾನ ಕೊಡುವ ಸಂಸ್ಥೆಯನ್ನು ಆದಷ್ಟು ಕುಗ್ಗಿಸಲು ಹೇಳಿತು. ಅದೇ ತಿಂಗಳ 27ರ ಇನ್ನೊಂದು ಆದೇಶ, ರಾಷ್ಟ್ರಮಟ್ಟದ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆ ದೇಶವನ್ನು ಒಡೆಯುವ ವಿಚಾರಗಳನ್ನು ತೋರಿಸುತ್ತಿದೆ ಅಂತ ಆರೋಪಿಸಿತು. ಸ್ಮಿತ್‌ಸೋನಿಯನ್ ದೊಡ್ಡದು, ಅದರ ಪರವಾಗಿ ಮಾತಾಡುವವರು ಇರುತ್ತಾರೆ. ನನ್ನ ಚಿಂತೆ ಸಣ್ಣ ಊರಿನ ಮ್ಯೂಸಿಯಂ ಬಗ್ಗೆ. ಅಲ್ಲಿ ಇಬ್ಬರು ಮೂವರು ಕೆಲಸದವರು ಇರುತ್ತಾರೆ. ಒಂದು ಅನುದಾನ ನಿಂತರೆ ಹಿರಿಯರ ಮಾತು ಮುದ್ರಿಸಿಕೊಳ್ಳುವ ಕೆಲಸ ನಿಲ್ಲುತ್ತದೆ. ಆ ಹಿರಿಯರು ಮುಂದಿನ ಸರ್ಕಾರದ ತನಕ ಕಾಯುತ್ತಾರೆಯೇ?

ಕೇಪ್‌ಟೌನ್‌ನಲ್ಲಿ ಆದೇಶದ ಕಾಟ ಇಲ್ಲ, ಹಣದ ಕಷ್ಟ ಇದೆ. ಮ್ಯೂಸಿಯಂ ನಡೆಯುವುದು ಬಹುಮಟ್ಟಿಗೆ ಪ್ರವಾಸಿಗರ ಟಿಕೆಟ್ ಮತ್ತು ದೇಣಿಗೆಯಿಂದ. 2020ರ ಕೊರೊನಾ ಲಾಕ್‌ಡೌನ್‌ನಲ್ಲಿ ಬಾಗಿಲು ಮುಚ್ಚಿದಾಗ ಆದಾಯ ನಿಂತಿತು. ಉಳಿಸಿಕೊಳ್ಳಲು ಜನರ ಮುಂದೆ ಕೈಚಾಚಬೇಕಾಯಿತು. ಇಲ್ಲಿ ಇನ್ನೊಂದು ಇಕ್ಕಟ್ಟೂ ಇದೆ. ಟಿಕೆಟ್ ಕೊಂಡು ಬರುವವರು ವಿದೇಶಿ ಪ್ರವಾಸಿಗರು. ಯಾರ ಕಥೆಯೋ ಅವರು 25 ಕಿಲೋಮೀಟರ್ ದೂರದಲ್ಲಿದ್ದಾರೆ, ಬಂದು ಹೋಗುವ ಖರ್ಚೇ ಅವರಿಗೆ ಭಾರ. ಮಾಜಿ ನಿವಾಸಿಗಳಿಗಾಗಿ ಅಡುಗೆ, ಕಸೂತಿ, ಹಾಡು, ಮಾತುಕತೆಯ ಕಾರ್ಯಕ್ರಮಗಳನ್ನು ಮ್ಯೂಸಿಯಂ ನಡೆಸುತ್ತಾ ಬಂದಿರುವುದು ಇದಕ್ಕೇ. ಹತ್ತಿರದ ಇನ್ನೊಂದು ಕಟ್ಟಡವನ್ನು 'ಮನೆಗೆ ಮರಳುವ ಕೇಂದ್ರ' ಅನ್ನುವ ಅರ್ಥದ ಹೆಸರಿಟ್ಟು ಇಂಥ ಕೂಟಗಳಿಗೆ ಬಳಸುತ್ತದೆ.

2019ರ ಕೊನೆಗೆ ಒಂದು ಒಳ್ಳೆಯ ಸುದ್ದಿ ಬಂತು. ಸರ್ಕಾರಿ ದಾಖಲೆಯಲ್ಲಿದ್ದ ಸೊನ್ನೆಬ್ಲೂಮ್ ಹೆಸರು ತೆಗೆದು ಮತ್ತೆ ಡಿಸ್ಟ್ರಿಕ್ಟ್ ಸಿಕ್ಸ್ ಅಂತ ಮಾಡಿದರು. ಆ ಬದಲಾವಣೆಗೆ ಹಳೆಯ ನಿವಾಸಿಗಳು ಮತ್ತು ಮ್ಯೂಸಿಯಂ ಬಹಳ ಕಾಲ ಒತ್ತಾಯ ಮಾಡಿದ್ದರು. ಹೆಸರು ವಾಪಸ್ ಬಂದಿದೆ, ಮನೆಗಳು ಎಲ್ಲರಿಗೂ ಬಂದಿಲ್ಲ.

ಪ್ರತಿ ವರ್ಷ ಫೆಬ್ರವರಿ 11ರಂದು ಹಳೆಯ ನಿವಾಸಿಗಳು ಮ್ಯೂಸಿಯಂನಲ್ಲಿ ಸೇರುತ್ತಾರೆ. ಅಲ್ಲಿಂದ ಒಟ್ಟಿಗೆ ನಡೆದು ಹ್ಯಾನೋವರ್ ಸ್ಟ್ರೀಟ್ ಇದ್ದ ಕಡೆಗೆ ಹೋಗುತ್ತಾರೆ. ಅಲ್ಲಿ ಕಲ್ಲುಗಳ ಒಂದು ಗುಡ್ಡೆ ಇದೆ. ಪ್ರತಿಯೊಬ್ಬರೂ ಒಂದೊಂದು ಕಲ್ಲು ಇಡುತ್ತಾರೆ. ಈಗ ನಡೆಯಲು ಆಗದವರ ಪರವಾಗಿ ಅವರ ಮಕ್ಕಳು, ಮೊಮ್ಮಕ್ಕಳು ಇಡುತ್ತಾರೆ.